ಆಯಿಯ ಕೈಗಂಟು ಬಾತಿದೆ: ವಾರದ ಮಾತ್ರೆ ಬೇಕಾ, ಲಕ್ಕಿ ಸೊಪ್ಪು, ಕಷಾಯ ಸಾಕಾ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಅಡಿಕೆ ತೋಟ ಇದೆ. ಆಯಿಗೆ (ಅಮ್ಮನಿಗೆ) 52 ವರ್ಷ. ಎಂಟು ತಿಂಗಳಿಂದ ಎರಡೂ ಕೈಯ ಬೆರಳಿನ ಗಂಟು, ಮಣಿಕಟ್ಟು ಬಾತುಕೊಳ್ಳುತ್ತಿದೆ. ಬೆಳಗ್ಗೆ ಆರಕ್ಕೆ ಎದ್ದರೂ ಒಂಬತ್ತರವರೆಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಸಂಧಿವಾತ ಗುರುತಿಸಲು ಮಾಡುವ ರಕ್ತ ಪರೀಕ್ಷೆಗಳಾದ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎರಡೂ ಪಾಸಿಟಿವ್ ಬಂದಿದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದರು. ನೆಂಟರೊಬ್ಬರು ‘ಅದು ಕ್ಯಾನ್ಸರ್ ಮಾತ್ರೆ, ಲಿವರ್ ಹೋಗ್ತದೆ’ ಅಂದರು. ಆಯಿ ಮೂರು ವಾರ ತಗೊಂಡು ಎಲ್ಲ ನಿಲ್ಲಿಸಿದರು. ಈಗ ದಿನಕ್ಕೆ ಎರಡು ಡೈಕ್ಲೋಫೆನಾಕ್ ನೋವಿನ ಮಾತ್ರೆ, ಬಿಪಿ ಮಾತ್ರೆ, ಬೆಳಗ್ಗೆ ಅಮೃತಬಳ್ಳಿ ಕಷಾಯ, ರಾತ್ರಿ ಲಕ್ಕಿ ಸೊಪ್ಪಿನ ಶಾಖ. ಹುಳಿ, ಆಲೂಗಡ್ಡೆ, ಬೇಳೆ ಬಿಟ್ಟಿದ್ದಾರೆ. ಊಟ, ಮನೆಮದ್ದಿನಲ್ಲೇ ನಿಭಾಯಿಸಬಹುದಾ? ನಾವು ಮೀನು ತಿನ್ನುವವರಲ್ಲ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆಯಿ ನಿಲ್ಲಿಸಿದ ಮಾತ್ರೆ ಅವರಿಗೆ ಬೇಕಾಗಿದ್ದು. ನಿಲ್ಲಿಸದೆ ನುಂಗುತ್ತಿರುವ ಡೈಕ್ಲೋಫೆನಾಕ್ ಮಾತ್ರೆಯೇ ಅವರಿಗೆ ಜಾಸ್ತಿ ಅಪಾಯದ್ದು. ಲಕ್ಕಿ ಸೊಪ್ಪಿನ ಶಾಖ ಧಾರಾಳವಾಗಿ ಮುಂದುವರಿಸಿ. ಅಮೃತಬಳ್ಳಿ ಕಷಾಯ ಮಾತ್ರ ಇವತ್ತೇ ನಿಲ್ಲಿಸಿ. ಯಾಕೆ ಅಂತ ಒಂದೊಂದಾಗಿ ಬರೆಯುತ್ತೇನೆ, ಆಯಿಗೂ ಓದಿ ಹೇಳಿ.

ನಮ್ಮ ಕಡೆ ಮಂಡಿ ನೋವಿಗೂ, ಬೆರಳು ನೋವಿಗೂ, ಚಿಕೂನ್‌ಗುನ್ಯಾ ಬಂದು ಹೋದ ಮೇಲಿನ ನೋವಿಗೂ ‘ವಾಯು’ ಅಂತ ಒಂದೇ ಹೆಸರು. ಆದರೆ ಇವು ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ. ವಯಸ್ಸಾದವರ ಮಂಡಿ ಸವೆತದಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಡೆದಷ್ಟೂ ನೋವು ಹೆಚ್ಚು, ಕೂತರೆ ಕಡಿಮೆ. ಆಯಿಗೆ ಬಂದಿರುವುದು ರುಮಟಾಯ್ಡ್ ಸಂಧಿವಾತ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿ ಬಿದ್ದು ಗಂಟಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಆ ಪೊರೆ ಊದಿ, ದಪ್ಪವಾಗಿ, ಕೊನೆಗೆ ಪಕ್ಕದ ಮೂಳೆಯನ್ನೇ ಕೊರೆಯಲು ಶುರುಮಾಡುತ್ತದೆ. ಇದರಲ್ಲಿ ಬಿಗಿತ ಗಂಟೆಗಟ್ಟಲೆ ಇರುತ್ತದೆ, ಕೆಲಸ ಶುರು ಮಾಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ. ಎರಡೂ ಕೈಗೆ ಒಟ್ಟೊಟ್ಟಿಗೆ ಬರುತ್ತದೆ.

ನೀವೇ ನೋಡಬಹುದು. ಆಯಿಯ ಕೈ ಹಿಡಿದು, ಬೆರಳಿನ ಬುಡದ ನಾಲ್ಕು ಗಂಟುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಅಡ್ಡಲಾಗಿ ಒತ್ತಿ. ಸಂಧಿವಾತ ಚುರುಕಾಗಿದ್ದರೆ ಅಷ್ಟಕ್ಕೇ ಕೈ ಎಳೆದುಕೊಳ್ಳುತ್ತಾರೆ. ಗಂಟುಗಳ ನಡುವಿನ ತಗ್ಗು ತುಂಬಿಕೊಂಡಿರುತ್ತದೆ, ಮುಟ್ಟಿದರೆ ಬಾವು ಮೆತ್ತಗೆ ಹತ್ತುತ್ತದೆ. ಸವೆತದವರಲ್ಲಿ ಗಂಟು ಬರುವುದು ಉಗುರಿನ ಹತ್ತಿರದ ಕೀಲಿಗೆ, ಅದೂ ಮೂಳೆಯಷ್ಟು ಗಟ್ಟಿ. ರಕ್ತದ ವರದಿಯನ್ನು ಈ ಕೈಯ ಜೊತೆಗೇ ಓದಬೇಕು, ಯಾಕಂದ್ರೆ ಆರ್‌ಎ ಫ್ಯಾಕ್ಟರ್ ಕೆಲವು ಆರೋಗ್ಯವಂತರಲ್ಲೂ ಪಾಸಿಟಿವ್ ಇರುತ್ತದೆ, ಕೆಲವು ರೋಗಿಗಳಲ್ಲಿ ನೆಗೆಟಿವ್ ಬರುತ್ತದೆ. ಆದರೆ ಆಂಟಿ ಸಿಸಿಪಿಯೂ ಪಾಸಿಟಿವ್, ಎಂಟು ತಿಂಗಳ ಬಾವು, ಮೂರು ಗಂಟೆಯ ಬಿಗಿತ ಎಲ್ಲ ಸೇರಿದ ಮೇಲೆ ಹುಬ್ಬಳ್ಳಿಯ ವೈದ್ಯರು ಹೇಳಿದ್ದರಲ್ಲಿ ನನಗೆ ಅನುಮಾನ ಇಲ್ಲ.

ಈಗ ‘ಕ್ಯಾನ್ಸರ್ ಮಾತ್ರೆ’ ವಿಚಾರ. ಮೆಥೊಟ್ರೆಕ್ಸೇಟನ್ನು ಕ್ಯಾನ್ಸರಿಗೂ ಕೊಡುತ್ತಾರೆ, ನಿಜ. ಆದರೆ ಅಲ್ಲಿ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಅಷ್ಟೇ. ಈ ಪ್ರಮಾಣದಲ್ಲಿ ಅದು ಗಂಟಿನೊಳಗಿನ ಉರಿಯೂತವನ್ನು ತಗ್ಗಿಸುತ್ತದೆ. 1988ರಲ್ಲೇ ಅಮೆರಿಕದಲ್ಲಿ ಸಂಧಿವಾತಕ್ಕೆ ಅಂತ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಮೊದಲು ಬರೆಯುವ ಮದ್ದು ಇದೇ. ಹೊಸದೂ ಅಲ್ಲ, ದುಬಾರಿಯೂ ಅಲ್ಲ.

ಆಯಿ ಮೂರು ವಾರಕ್ಕೆ ‘ಏನೂ ಗುಣ ಕಾಣಲಿಲ್ಲ’ ಅಂದಿರಬೇಕು, ಅಲ್ವಾ? ಕಾಣುವುದೂ ಇಲ್ಲ. ಇದು ನಿಧಾನದ ಮದ್ದು. ಆರರಿಂದ ಎಂಟು ವಾರಕ್ಕೆ ಸ್ವಲ್ಪ ಹಗುರ ಅನ್ನಿಸುತ್ತದೆ, ಪೂರ್ತಿ ಫಲ ಗೊತ್ತಾಗಲು ಮೂರು ತಿಂಗಳು ಬೇಕು. ಆ ಮಧ್ಯದ ದಿನಗಳಿಗೆ ಅಂತಲೇ ವೈದ್ಯರು ಕೆಲವೊಮ್ಮೆ ಸಣ್ಣ ಪ್ರಮಾಣದ ಸ್ಟಿರಾಯ್ಡ್ ಕೊಟ್ಟು ಆಮೇಲೆ ಇಳಿಸುತ್ತಾ ನಿಲ್ಲಿಸುತ್ತಾರೆ.

ಇಷ್ಟು ಅವಸರ ಯಾಕೆ ಅಂದರೆ, ಈ ಕಾಯಿಲೆ ಮೂಳೆಯನ್ನು ತಿನ್ನುವುದು ಬಹಳಷ್ಟು ಮೊದಲ ಎರಡು ವರ್ಷಗಳಲ್ಲೇ. ನೀವು ತೋಟದವರು, ನಿಮಗೆ ಗೊತ್ತು: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು, ಕಾಯಿ ಉದುರಿದ ಮೇಲಲ್ಲ. ಬೆರಳು ಒಮ್ಮೆ ಸೊಟ್ಟ ಆದರೆ ಯಾವ ಮಾತ್ರೆಯೂ ನೇರ ಮಾಡುವುದಿಲ್ಲ. ಎಂಟು ತಿಂಗಳು ಆಗಲೇ ಹೋಗಿದೆ.

ಮೆಥೊಟ್ರೆಕ್ಸೇಟಿನಲ್ಲಿ ನನಗೆ ಭಯ ಇರುವುದು ಒಂದೇ ತಪ್ಪಿನ ಬಗ್ಗೆ. ಅದು ವಾರಕ್ಕೊಮ್ಮೆಯ ಮಾತ್ರೆ. ಮರೆತು ದಿನಾ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಬರುತ್ತದೆ. ಇಂಥದ್ದು ನಿಜವಾಗಿ ಆಗುತ್ತದೆ, ಅದೂ ಬಿಪಿ, ಶುಗರ್ ಮಾತ್ರೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟ ಮನೆಗಳಲ್ಲಿ. ಅದಕ್ಕೇ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಭಾನುವಾರ ಅಂತಿಟ್ಟುಕೊಳ್ಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆಯ ಪಟ್ಟಿ (ಸ್ಟ್ರಿಪ್) ನಿಮ್ಮ ಹತ್ತಿರ ಇರಲಿ, ಆ ದಿನ ಮಾತ್ರ ತೆಗೆದು ಕೊಡಿ. ಫೋಲಿಕ್ ಆಸಿಡ್ ಬೇರೆ ದಿನ, ವೈದ್ಯರು ಬರೆದ ಹಾಗೆ. ಬಾಯಿಹುಣ್ಣು, ವಾಕರಿಕೆ ಕಡಿಮೆ ಆಗುವುದೇ ಅದರಿಂದ, ಹಾಗಾಗಿ ‘ಅದು ಬರೇ ವಿಟಮಿನ್ನು’ ಅಂತ ಬಿಡಬೇಡಿ.

ಲಿವರ್ ಹೋಗ್ತದೆ ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ರಕ್ತ ಪರೀಕ್ಷೆ. ಶುರುವಿನ ಮೂರು ತಿಂಗಳು ಎರಡು-ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್ ಎನ್‌ಜೈಮ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಬೇಕು. ಲಿವರ್‌ಗೆ ತೊಂದರೆ ಶುರುವಾದರೆ ಅದರಲ್ಲೇ ಮೊದಲು ಗೊತ್ತಾಗುತ್ತದೆ, ಪ್ರಮಾಣ ಇಳಿಸಿದರೆ ಅಥವಾ ನಿಲ್ಲಿಸಿದರೆ ಹೆಚ್ಚಿನವರಿಗೆ ಸರಿ ಹೋಗುತ್ತದೆ. ಈ ಪರೀಕ್ಷೆಗೆ ಪ್ರತಿ ಸಲ ಹುಬ್ಬಳ್ಳಿಗೆ ಓಡಬೇಕಾಗಿಲ್ಲ. ಶಿರಸಿಯಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದಾ ಅಂತ ಅಲ್ಲಿನ ವೈದ್ಯರನ್ನು ಕೇಳಿ. ನಮ್ಮ ಜಿಲ್ಲೆಯವರು ಕೀಲುರೋಗದ ತಜ್ಞರನ್ನು ಹುಡುಕಿಕೊಂಡು ಹುಬ್ಬಳ್ಳಿ, ಮಣಿಪಾಲ, ಕಾರವಾರದ ಕಡೆಯವರಾದರೆ ಗೋವಾ ಅಂತ ದಿನಗಟ್ಟಲೆ ಓಡಾಡಬೇಕು. ಆ ಬಸ್ ಪ್ರಯಾಣಕ್ಕೆ ಬೇಸತ್ತೇ ಎಷ್ಟೋ ಜನ ಮದ್ದು ಬಿಡುತ್ತಾರೆ, ಅದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ತಜ್ಞರನ್ನು ಮೂರು ತಿಂಗಳಿಗೊಮ್ಮೆ ನೋಡಿ, ಮಧ್ಯದ್ದನ್ನು ಹತ್ತಿರದ ವೈದ್ಯರ ಜೊತೆ ನಿಭಾಯಿಸಿ.

ಹೈಡ್ರಾಕ್ಸಿಕ್ಲೋರೋಕ್ವಿನ್ ಸೌಮ್ಯ ಮದ್ದು. ವರ್ಷಗಟ್ಟಲೆ ತಗೊಂಡರೆ ಅಪರೂಪಕ್ಕೆ ಕಣ್ಣಿನ ಹಿಂಪರದೆಗೆ ಪೆಟ್ಟಾಗಬಹುದು. ಶುರುವಿನಲ್ಲಿ ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗ ಕಣ್ಣು ತೋರಿಸಿದರೆ ಸಾಕು.

ಇನ್ನು ಡೈಕ್ಲೋಫೆನಾಕ್. ಅದು ನೋವು ಇಳಿಸುತ್ತದೆ, ಒಂದಿಷ್ಟು ಬಾವೂ ಇಳಿಯುತ್ತದೆ, ಆಯಿಗೆ ಗುಣ ಆದಂತೆ ಅನ್ನಿಸುತ್ತದೆ. ಆದರೆ ಮೂಳೆ ಕೊರೆಯುವ ಕೆಲಸವನ್ನು ಅದು ನಿಲ್ಲಿಸುವುದಿಲ್ಲ. ಒಳಗೊಳಗೇ ಅದು ನಡೀತಾ ಇರುತ್ತದೆ. ತಿಂಗಳಾನುಗಟ್ಟಲೆ ದಿನಾ ಎರಡು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಕಿಡ್ನಿಗೆ ಪೆಟ್ಟು, ಹೃದಯಕ್ಕೂ ಅಪಾಯ. ಆಯಿ ಬಿಪಿ ಮಾತ್ರೆ ತಗೊಳ್ಳುತ್ತಾರೆ ಅಂದಿರಿ. ಆ ಪಟ್ಟಿಯ ಹಿಂದೆ ಏನು ಬರೆದಿದೆ ನೋಡಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಥರದ ಹೆಸರು, ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಅಂತ ಮೂತ್ರ ಹೆಚ್ಚಿಸುವ ಮದ್ದು ಸೇರಿದ್ದರೆ, ಅದರ ಮೇಲೆ ಡೈಕ್ಲೋಫೆನಾಕ್ ಬಿದ್ದಾಗ ಮೂರೂ ಕೂಡಿ ಕಿಡ್ನಿಯನ್ನು ಹಿಂಡುತ್ತವೆ. ವಾಂತಿ ಭೇದಿ ಆದ ದಿನ, ನೀರು ಕುಡಿಯದೆ ಬಿಸಿಲಲ್ಲಿ ಕೆಲಸ ಮಾಡಿದ ದಿನ ಇನ್ನೂ ಕೆಟ್ಟದ್ದು. ಮತ್ತೆ, ಕಿಡ್ನಿ ಸೋತರೆ ಮೆಥೊಟ್ರೆಕ್ಸೇಟ್ ಮೈಯಿಂದ ಹೊರಗೆ ಹೋಗದೆ ಉಳಿಯುತ್ತದೆ. ಹಾಗಾಗಿ ಈ ವಾರವೇ ಕ್ರಿಯಾಟಿನಿನ್ ಮಾಡಿಸಿ, ವರದಿ ನೋಡಿದ ಮೇಲೆ ವೈದ್ಯರ ಮಾತಿನಂತೆ ವಾರದ ಮಾತ್ರೆ ಮತ್ತೆ ಶುರುವಾಗಲಿ.

ನೋವಿಗೆ ಏನೂ ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ನೋವು ತಡೆದುಕೊಂಡು ಕೂತರೆ ಪುಣ್ಯ ಏನೂ ಬರುವುದಿಲ್ಲ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂದು ಒಂದು ಅಥವಾ ಎರಡು, ದಿನಕ್ಕೆ ಒಟ್ಟು ಮೂರು ಗ್ರಾಂ ಮೀರದ ಹಾಗೆ. ಲಿವರ್ ವರದಿ ಏರುಪೇರಾಗಿದ್ದರೆ ಅದಕ್ಕೂ ವೈದ್ಯರನ್ನು ಕೇಳಿ. ಬೆರಳಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು, ಹೊಟ್ಟೆ ಕಿಡ್ನಿಗೆ ಹೋಗುವ ಪಾಲು ಬಹಳ ಕಡಿಮೆ. ನೋವಿನ ಮಾತ್ರೆ ಬೇಕೇ ಬೇಕು ಅನ್ನುವ ದಿನಗಳಿಗೆ ಯಾವುದು, ಎಷ್ಟು ದಿನ, ಹೊಟ್ಟೆ ಕಾಯಲು ಜೊತೆಗೆ ಏನು ಅಂತ ವೈದ್ಯರೇ ಬರೆಯಲಿ. ಮೆಡಿಕಲ್ ಶಾಪಿನ ಲೆಕ್ಕ ಬೇಡ.

ಅಮೃತಬಳ್ಳಿ ನಿಲ್ಲಿಸಿ ಅಂದಿದ್ದಕ್ಕೆ ಮನೆಯಲ್ಲಿ ಬೇಸರ ಆಗಬಹುದು. ಬೇಲಿ ಮೇಲೆ ಹಬ್ಬಿದ ಬಳ್ಳಿ, ಅಜ್ಜಿ ಕಾಲದಿಂದ ಜ್ವರಕ್ಕೆ ಕುಡಿದದ್ದು. ಆದರೆ ಕೊರೊನಾ ಸಮಯದಲ್ಲಿ ಜನ ಅದನ್ನು ದಿನಾ ಕುಡಿಯಲು ಶುರುಮಾಡಿದಾಗ ಲಿವರ್ ಊದಿ ಕಾಮಾಲೆ ಆದ ಪ್ರಕರಣಗಳು ನಮ್ಮ ದೇಶದ ಆಸ್ಪತ್ರೆಗಳಿಂದಲೇ ವರದಿಯಾದವು, ಅದರಲ್ಲೂ ರೋಗನಿರೋಧಕ ವ್ಯವಸ್ಥೆ ತಿರುಗಿ ಬೀಳುವ ಥರದ ಕಾಯಿಲೆ ಇದ್ದವರಲ್ಲಿ. ಆಯಿಯದ್ದು ಅಂಥದ್ದೇ ಕಾಯಿಲೆ, ಮೇಲಿಂದ ಮೆಥೊಟ್ರೆಕ್ಸೇಟಿಗೂ ಲಿವರ್ ಮೇಲೆ ಕಣ್ಣಿಡಬೇಕು. ಎರಡೂ ಒಟ್ಟಿಗೆ ಬೇಡ. ಬೆಳಗ್ಗೆ ಬಿಸಿ ಬಿಸಿ ಏನಾದರೂ ಬೇಕಲ್ಲ, ನಿಮ್ಮ ಮನೆಯಲ್ಲಿ ಹೇಗೂ ಮಾಡುವ ಕೊತ್ತಂಬರಿ ಜೀರಿಗೆ ಕಾಳುಮೆಣಸಿನ ಕಷಾಯ ಕುಡಿಯಲಿ. ಜೋನಿಬೆಲ್ಲ ಮಾತ್ರ ಕೈ ಬಿಗಿ ಹಿಡಿದು ಹಾಕಿ.

ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಡುಗೆಗೆ ಹಾಕುವ, ಹಾಲಿಗೆ ಚಿಟಿಕೆ ಹಾಕುವ ಅರಿಶಿನ ಒಳ್ಳೆಯದೇ. ಅದರೊಳಗಿನ ಕರ್ಕ್ಯುಮಿನ್ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ, ಕಾಳುಮೆಣಸು ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಸೇರುತ್ತದೆ. ಮಂಡಿ ಸವೆತದವರಿಗೆ ನೋವು ಒಂದಿಷ್ಟು ಇಳಿದಿದ್ದನ್ನು ಸಣ್ಣ ಅಧ್ಯಯನಗಳು ತೋರಿಸಿವೆ. ಹಾಗಂತ ಡಬ್ಬಿಯಲ್ಲಿ ಬರುವ ಗಟ್ಟಿ ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇಡ. ಅದರಿಂದಲೂ ಲಿವರ್ ತೊಂದರೆ ಆದ ವರದಿಗಳಿವೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ಎಚ್ಚರ ಬೇಕು.

ಶಾಖದಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಕೈ ತಡೆಯುವಷ್ಟು ಆರಿದ ಮೇಲೆ ಬಟ್ಟೆ ಅದ್ದಿ ಹಿಂಡಿ ಇಡುವುದು ಒಳ್ಳೆಯ ಪದ್ಧತಿ. ನಾನು ಹೇಳುವುದು ಅದನ್ನು ರಾತ್ರಿಯಿಂದ ಬೆಳಗ್ಗೆಗೆ ತನ್ನಿ ಅಂತ, ಯಾಕಂದ್ರೆ ಬಿಗಿತ ಇರುವುದು ಬೆಳಗ್ಗೆ. ನಿಮ್ಮ ಬಚ್ಚಲ ಹಂಡೆಯಲ್ಲಿ ಆರು ಗಂಟೆಗೆಲ್ಲ ಬಿಸಿನೀರು ಇರುತ್ತದೆ. ಒಂದು ಅಗಲ ಪಾತ್ರೆಗೆ ಹದ ಬಿಸಿ ನೀರು ತುಂಬಿ, ಮಣಿಕಟ್ಟಿನ ಮೇಲಿನವರೆಗೆ ಎರಡೂ ಕೈ ಮುಳುಗಿಸಿ ಹತ್ತು ನಿಮಿಷ ಕೂರಲಿ. ಸುಮ್ನೆ ಕೂರುವುದಲ್ಲ: ನೀರೊಳಗೇ ಮುಷ್ಟಿ ಮೆಲ್ಲಗೆ ಕಟ್ಟಿ ಬಿಡುವುದು, ಬೆರಳು ಪೂರ್ತಿ ಅಗಲಿಸುವುದು, ಹೆಬ್ಬೆರಳಿನಿಂದ ಒಂದೊಂದೇ ಬೆರಳಿನ ತುದಿ ಮುಟ್ಟುವುದು, ಮಣಿಕಟ್ಟು ಮೇಲೆ ಕೆಳಗೆ ಮಾಡುವುದು. ಇದಾದ ಮೇಲೆ ಚಹಾ ಲೋಟ ಹಿಡಿಯುವುದೂ ಸುಲಭ ಆಗುತ್ತದೆ. ಯಾವುದಾದರೂ ಗಂಟು ಕೆಂಪಾಗಿ ಬಿಸಿಯಾಗಿ ಊದಿದ್ದರೆ ಅದಕ್ಕೆ ಮಾತ್ರ ಶಾಖ ಬೇಡ, ತಣ್ಣೀರ ಬಟ್ಟೆ ಹಿತ.

ಒಂದು ಕೇಳಿಕೊಳ್ಳುತ್ತೇನೆ: ನೋವಿನ ಜಾಗಕ್ಕೆ ಗೇರೆಣ್ಣೆ ಮುಟ್ಟಿಸುವುದು, ಬರೆ ಹಾಕುವುದು ಯಾರು ಹೇಳಿದರೂ ಬೇಡ. ಗೇರಿನ ಎಣ್ಣೆ ಚರ್ಮ ಸುಟ್ಟು ಗುಳ್ಳೆ ಎಬ್ಬಿಸುತ್ತದೆ, ಗಂಟಿನೊಳಗಿನ ಬಾವಿಗೆ ಅದರಿಂದ ಏನೂ ಆಗುವುದಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ, ಗುಳಿಗೆ ಕೂಡ ಬೇಡ. ‘ಎರಡೇ ದಿನಕ್ಕೆ ಓಡಾಡಿದರು’ ಅಂತ ಹೇಳುವ ಅಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. ಮುಖ ದುಂಡಗೆ ಊದುವುದು, ಶುಗರ್ ಏರುವುದು, ಮೂಳೆ ಟೊಳ್ಳಾಗುವುದು ಆಮೇಲೆ ಗೊತ್ತಾಗುತ್ತದೆ. ಆಗ ದಿಢೀರ್ ನಿಲ್ಲಿಸುವುದೂ ಅಪಾಯ, ವೈದ್ಯರ ಮುಂದೆ ಆ ಪೊಟ್ಟಣ ಇಟ್ಟು ಇಳಿಸುತ್ತಾ ಬರಬೇಕು. ಆಯುರ್ವೇದ ಮಾಡಲೇಬೇಕು ಅಂತ ಆಯಿಗೆ ಮನಸ್ಸಿದ್ದರೆ ಓದಿದ ವೈದ್ಯರ ಹತ್ತಿರ ಹೋಗಿ, ಲೇಬಲ್ ಇರುವ ಮದ್ದು ತಗೊಳ್ಳಿ, ಇಬ್ಬರು ವೈದ್ಯರಿಗೂ ಇನ್ನೊಬ್ಬರು ಕೊಟ್ಟಿದ್ದು ಗೊತ್ತಿರಲಿ.

ಊಟದ ಪಥ್ಯ ಸಡಿಲಿಸಿ. ಹುಳಿ ತಿಂದರೆ ಗಂಟು ಹಿಡಿಯುತ್ತದೆ, ಆಲೂಗಡ್ಡೆ ವಾಯು ಅನ್ನುವುದಕ್ಕೆ ಆಧಾರ ಇಲ್ಲ. ಬೇಳೆ ಬಿಟ್ಟಿದ್ದಂತೂ ತಪ್ಪೇ ಆಯಿತು. ಮೀನು ಮೊಟ್ಟೆ ತಿನ್ನದ ಮನೆಯಲ್ಲಿ ಪ್ರೋಟೀನ್ ಬರುವುದೇ ಬೇಳೆ, ಕಾಳು, ಹಾಲು ಮಜ್ಜಿಗೆಯಿಂದ. ಈ ಕಾಯಿಲೆಯಲ್ಲಿ ಮಾಂಸಖಂಡ ಮೊದಲೇ ಕರಗುತ್ತದೆ. ಅಪ್ಪೆಹುಳಿ, ಮುರುಗಲು ಸಾರು, ಒಂದೆಲಗದ ತಂಬುಳಿ ಎಲ್ಲ ಉಣ್ಣಲಿ. ಒಂದು ನಿರ್ದಿಷ್ಟ ತಿನಿಸು ತಿಂದ ಮಾರನೇ ದಿನ ಪ್ರತಿ ಸಲ ಬಾವು ಜಾಸ್ತಿ ಅನ್ನಿಸಿದರೆ ಅದೊಂದನ್ನು ಎರಡು ವಾರ ಬಿಟ್ಟು, ಮತ್ತೆ ತಿಂದು ನೋಡಿ. ಊರವರ ಪಟ್ಟಿಗಿಂತ ಆಯಿಯ ಮೈ ಹೇಳುವುದು ಮುಖ್ಯ.

ಉರಿಯೂತ ಸ್ವಲ್ಪ ತಗ್ಗಿಸುವ ಆಹಾರ ಅಂತ ಒಳ್ಳೆಯ ಆಧಾರ ಇರುವುದು ಒಮೆಗಾ 3 ಕೊಬ್ಬಿಗೆ. ಬಂಗಡೆ, ತಾರ್ಲೆಯಲ್ಲಿ ಅದು ಚೆನ್ನಾಗಿದೆ. ಮೀನೆಣ್ಣೆಯ ಅಧ್ಯಯನಗಳಲ್ಲಿ ದಿನಕ್ಕೆ ಸುಮಾರು 3 ಗ್ರಾಂ ಒಮೆಗಾ 3 ತಿಂಗಳುಗಟ್ಟಲೆ ಕೊಟ್ಟಾಗ ನೋವು, ಬಿಗಿತ ಸ್ವಲ್ಪ ಇಳಿದಿದೆ. ಕುಮಟಾ, ಹೊನ್ನಾವರ, ಕಾರವಾರ ಕಡೆಯ ಓದುಗರು ವಾರಕ್ಕೆ ಎರಡು ಮೂರು ದಿನ ಬಂಗಡೆ ಸಾರು ಉಣ್ಣಬಹುದು, ಕರಿದದ್ದಕ್ಕಿಂತ ಸಾರೇ ಒಳ್ಳೆಯದು. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಒಣಮೀನಿಗೆ ಹೋಗುತ್ತಾರೆ, ಬಿಪಿ ಇದ್ದವರು ಅದರ ಉಪ್ಪು ನೆನಪಿಡಿ. ಆದರೆ ನಿಮ್ಮ ಕಾಯಿಲೆ ಗೌಟ್ ಆಗಿದ್ದರೆ, ಅಂದರೆ ಯೂರಿಕ್ ಆಸಿಡ್ ಏರಿ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದುವಂಥದ್ದು, ಆಗ ತಾರ್ಲೆ, ಬಂಗಡೆ, ಬಳಚು ಎಲ್ಲ ಕಡಿಮೆ ಮಾಡಬೇಕು, ಬಿಯರ್ ಬಿಡಬೇಕು. ಒಂದು ಕಾಯಿಲೆಯ ಪಥ್ಯ ಇನ್ನೊಂದಕ್ಕೆ ಹೊಂದುವುದಿಲ್ಲ.

ನಿಮ್ಮ ಮನೆಗೆ ಅಗಸೆ ಚಟ್ನಿಪುಡಿ ಇರಲಿ. ಅದರ ಒಮೆಗಾ 3 ಬೇರೆ ಜಾತಿಯದು, ಮೈಯೊಳಗೆ ಸ್ವಲ್ಪವೇ ಮೀನಿನ ಥರದ್ದಾಗಿ ಬದಲಾಗುತ್ತದೆ, ಹಾಗಾಗಿ ಪವಾಡ ಬಯಸಬೇಡಿ. ಮೂಳೆಗೆ ರಾಗಿ, ಎಳ್ಳು, ಹಾಲು. ವಿಟಮಿನ್ ಡಿ ಒಮ್ಮೆ ನೋಡಿಸಿ, ನಮ್ಮ ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಇಲ್ಲವಲ್ಲ. ಆಯಿ ಕವಳ (ಎಲೆ ಅಡಿಕೆ) ಹಾಕುತ್ತಾರಾ? ಹೊಗೆಸೊಪ್ಪು ಬಿಡಲಿ, ಒಸಡು ತೋರಿಸಲಿ. ಒಸಡಿನ ರೋಗಕ್ಕೂ ಈ ಸಂಧಿವಾತಕ್ಕೂ ನಂಟಿದೆ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅದು ಇನ್ನೂ ದೊಡ್ಡ ಶತ್ರು.

ಕೆಲಸದ ಮಾತು. ಬಾವು ಇಳಿಯುವವರೆಗೆ ಅಡಿಕೆ ಸುಲಿಯುವುದು ಬೇಡ. ಮೆಟ್ಟುಗತ್ತಿಗೆ ಕಾಯಿ ಒತ್ತಿ ಸಿಪ್ಪೆ ಸೀಳುವಾಗ ಭಾರ ಬೀಳುವುದು ಸರಿಯಾಗಿ ಆಯಿಗೆ ಊದಿರುವ ಗಂಟುಗಳ ಮೇಲೇ. ಬಾವಿಯಿಂದ ನೀರು ಸೇದುವುದು, ಬಟ್ಟೆ ಹಿಂಡುವುದು ಬೇರೆಯವರು ಮಾಡಲಿ. ಹಾಗಂತ ಹಾಸಿಗೆ ಹಿಡಿಸಬೇಡಿ. ನಡೆಯಲಿ, ಅಡುಗೆ ಮಾಡಲಿ, ಪಾತ್ರೆ ಎತ್ತುವಾಗ ಬೆರಳಲ್ಲಿ ಚಿವುಟಿ ಹಿಡಿಯದೆ ಎರಡೂ ಅಂಗೈಯಲ್ಲಿ ಹಿಡಿಯಲಿ. ಮಳೆಗಾಲದಲ್ಲಿ ನೋವು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಅಂಗಳಕ್ಕೂ ಇಳಿಯದೆ ಕೂತಿರುವುದು ಅದಕ್ಕೆ ಒಂದು ಕಾರಣ ಇರಬಹುದು, ಜಗಲಿಯಲ್ಲೇ ಅತ್ತಿತ್ತ ನಡೆದರೂ ಆಯಿತು.

ವಾರದ ಮಾತ್ರೆ ಶುರುವಾದ ಮೇಲೆ ಜ್ವರ ಬಂದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ನಮ್ಮ ಕಡೆ ಗದ್ದೆ ತೋಟದವರಿಗೆ ಇಲಿ ಜ್ವರ, ಡೆಂಗ್ಯೂ, ಸಿದ್ದಾಪುರ ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಎಲ್ಲ ಇದೆ. ಜ್ವರದ ವಾರ ಮೆಥೊಟ್ರೆಕ್ಸೇಟ್ ತಗೊಳ್ಳುವ ಮೊದಲು ವೈದ್ಯರನ್ನು ಕೇಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಡೆಂಗ್ಯೂ, ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ ಹೆಚ್ಚಾಗಬಹುದು. ಮೂತ್ರದ ಉರಿಗೆ ಯಾರಾದರೂ ಕೋಟ್ರೈಮಾಕ್ಸಜೋಲ್ ಬರೆದರೆ ‘ಮೆಥೊಟ್ರೆಕ್ಸೇಟ್ ನಡೀತಾ ಇದೆ’ ಅಂತ ತಕ್ಷಣ ಹೇಳಿ, ಅವೆರಡೂ ಒಟ್ಟಿಗೆ ಹೋಗಬಾರದು. ಇದನ್ನು ಓದುತ್ತಿರುವ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಯಾರಾದರೂ ಈ ಮದ್ದಿನಲ್ಲಿದ್ದರೆ, ಮಗು ಬೇಕು ಅನ್ನುವ ಮೊದಲೇ ವೈದ್ಯರಿಗೆ ತಿಳಿಸಿ. ಬಸಿರಿನಲ್ಲಿ ಇದು ಸಲ್ಲ.

ಬಾಯಿ ತುಂಬ ಹುಣ್ಣು, ಬಿಡದ ಒಣಕೆಮ್ಮು, ಏದುಸಿರು, ಕಣ್ಣು ಹಳದಿ, ಕಪ್ಪಗೆ ಡಾಂಬರು ಬಣ್ಣದ ಮಲ, ಅಥವಾ ಒಂದೇ ಗಂಟು ಏಕಾಏಕಿ ಊದಿ ಚಳಿಜ್ವರ: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿ, ಕಷಾಯದ ಪುಡಿ ಡಬ್ಬಿ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಧ್ಯದಲ್ಲಿ ನಿಲ್ಲಿಸಿದ್ದನ್ನೂ ಮುಚ್ಚಿಡದೆ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ. ಬಿಗಿತ ಎಷ್ಟು ಗಂಟೆಗೆ ಬಿಟ್ಟಿತು ಅಂತ ದಿನಾ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂಬತ್ತು ಇದ್ದದ್ದು ಎಂಟಕ್ಕೆ, ಏಳೂವರೆಗೆ ಬಂತು ಅಂದರೆ ಮದ್ದು ಹತ್ತುತ್ತಿದೆ. ಮೂರು ತಿಂಗಳಾದರೂ ಅಲ್ಲೇ ನಿಂತಿದ್ದರೆ ಪ್ರಮಾಣ ಏರಿಸಲು, ಸಲ್ಫಸಲಜೀನ್ ಅಥವಾ ಲೆಫ್ಲುನೊಮೈಡ್ ಸೇರಿಸಲು ಅವಕಾಶ ಇದೆ. ಅದಕ್ಕೂ ಮೇಲಿನ ಮದ್ದುಗಳೂ ಇವೆ, ಅವುಗಳಿಗೆ ಮೊದಲು ಕ್ಷಯ ಇಲ್ಲ ಅಂತ ಪರೀಕ್ಷೆ ಆಗಬೇಕು. ಖರ್ಚಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಯಾವ್ಯಾವ ಮಾತ್ರೆ ಸಿಗುತ್ತದೆ ಅಂತ ವಿಚಾರಿಸಿ, ಮದ್ದಿನ ಮೂಲ ಹೆಸರಿನಲ್ಲಿ ಚೀಟಿ ಬರೆದುಕೊಡಲು ವೈದ್ಯರಿಗೆ ಹೇಳಿ. ಕ್ರಿಯಾಟಿನಿನ್, ಲಿವರ್ ವರದಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ, ಬಿಪಿ ಮಾತ್ರೆಯ ಪೂರ್ತಿ ಹೆಸರು ಸೇರಿಸಿ.